ಸಾವಿನ ಮನೆಯಲ್ಲಿ ‘ಹೋಗಿ ಬರ್ತೀನಿ’ ಅಂದರೆ

ಸಾವಿನ ಮನೆಯಿಂದ ಹೊರಡುವಾಗ ನಾವು ‘ಹೋಗಿ ಬರ್ತೀನಿ’ ಅನ್ನುವುದಿಲ್ಲ. ಸುಮ್ಮನೆ ಎದ್ದು ಬರುತ್ತೇವೆ. ಜೀವಮಾನವಿಡೀ ಹಾಗೆ ನಡೆದುಕೊಂಡ ಹಿರಿಯರೊಬ್ಬರು ಒಂದು ದಿನ ಆ ಮಾತು ಆಡಿ, ಮೇಲೆ ನಕ್ಕೂಬಿಟ್ಟರೆ ಮನೆಯವರು ‘ವಯಸ್ಸಾದ ಮೇಲೆ ಕೊಬ್ಬು’ ಎಂದು ಬೈಯುತ್ತಾರೆ. ಅದು ಫ್ರಂಟೊಟೆಂಪೊರಲ್ ಡಿಮೆನ್ಶಿಯಾದ ಶುರುವೂ ಇರಬಹುದು. ಈ ಮಿದುಳಿನ ಕಾಯಿಲೆಯ ಒಂದು ಬಗೆಯಲ್ಲಿ ನೆನಪಿಗಿಂತ ಮೊದಲು ಕುಂದುವುದು ಎದುರಿನವರ ಮನಸ್ಸು ಅರಿಯುವ ಶಕ್ತಿ. ತಾರೀಖು, ಪ್ರಧಾನಿಯ ಹೆಸರು ಕೇಳಿದರೆ ಸರಿಯಾಗಿಯೇ ಹೇಳಿಯಾರು.

ಇದಕ್ಕೆ ಬೇರೆ ಪರೀಕ್ಷೆಗಳಿವೆ. ಮುಖದ ಚಿತ್ರ ತೋರಿಸಿ ಕೋಪವೋ ದುಃಖವೋ ಎಂದು ಕೇಳುತ್ತಾರೆ. ಪುಟ್ಟ ಕತೆ ಹೇಳಿ ‘ಇದರಲ್ಲಿ ಯಾರಾದರೂ ಆಡಬಾರದ್ದು ಆಡಿದರಾ?’ ಎನ್ನುತ್ತಾರೆ. ಹೆಚ್ಚಿನವು ಹುಟ್ಟಿದ್ದು ಪಶ್ಚಿಮದಲ್ಲಿ. ನಿಮ್ಹಾನ್ಸ್ ತಂಡ ಇಂಥವನ್ನು ನಮ್ಮ ನೆಲಕ್ಕೆ ಹೊಂದಿಸಿ 2011ರಲ್ಲಿ ‘ಸಾಕ್ರಟಿಸ್’ ಎಂಬ ಪರೀಕ್ಷೆಗಳ ಗುಚ್ಛ ಪ್ರಕಟಿಸಿತು. ಆದರೆ ಅದು ಸ್ಕಿಜೋಫ್ರೀನಿಯಾ ಇರುವವರಿಗಾಗಿ.

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಿರಿಯರನ್ನು ಏಕವಚನದಲ್ಲಿ ಕರೆಯುವುದು ಸಲುಗೆ, ಒರಟುತನವಲ್ಲ. ಪೇಟೆಯ ಪರೀಕ್ಷಕರಿಗೆ ಇದು ತಿಳಿಯದಿದ್ದರೆ ಗಟ್ಟಿಮುಟ್ಟಾಗಿರುವವರೂ ಫೇಲ್! ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಚ್.ಡಿ. ಕೋಟೆ, ತಿ. ನರಸೀಪುರದ ಜಗಲಿಗಳಲ್ಲಿ ಕೂತು ಕತೆ ಕಟ್ಟುವ ಕೆಲಸ ಅಲ್ಲಿಂದ ಶುರುವಾಗಲಿ ಎಂಬುದು ನಮ್ಮ ಒತ್ತಾಯ. ಜೊತೆಗೆ ಮನೆಯವರನ್ನು ಒಂದು ಮಾತು ಕೇಳಲೇಬೇಕು: ‘ಇವರು ಮೊದಲೂ ಹೀಗೇ ಇದ್ದರಾ?’