ಬರ್ತ್‌ಡೇ ಪಾರ್ಟಿ ಸಕಲೇಶಪುರದಲ್ಲಿ, ಕೇಕ್ ಮಾತ್ರ ಬೆಂಗಳೂರಿಂದ: ನಮ್ಮ ಅಂಗಡಿಗಳಿಗೆ ಉಳಿಯೋದೇನು?

ಸಕಲೇಶಪುರ: ಮೊದಲೆಲ್ಲಾ ಇಲ್ಲಿಗೆ ಬರ್ತಿದ್ದವರು ಮಂಜರಾಬಾದ್ ಕೋಟೆ ನೋಡಿ, ಬಿಸ್ಲೆ ಕಡೆ ಒಂದು ಸುತ್ತು ಹೊಡೆದು ಹೋಗೋರು. ಈಗ ವಾರಾಂತ್ಯಕ್ಕೆ ಇನ್ನೊಂದು ಥರದ ಗುಂಪು ಸೇರಿಕೊಂಡಿದೆ. ಆರೆಂಟು ಜನ ಸ್ನೇಹಿತರು, ಅದರಲ್ಲಿ ಒಬ್ಬರ ಹುಟ್ಟುಹಬ್ಬ, ತೋಟದ ಮಧ್ಯೆ ಒಂದು ಹೋಂಸ್ಟೇ, ಎರಡು ರಾತ್ರಿ. ಬೆಂಗಳೂರಿನಿಂದ ಸುಮಾರು 220 ಕಿ.ಮೀ., ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನೇರ ದಾರಿ. ಶುಕ್ರವಾರ ಕೆಲಸ ಮುಗಿಸಿ ಹೊರಟರೆ ರಾತ್ರಿ ಇಲ್ಲಿರ್ತಾರೆ, ಭಾನುವಾರ ಸಂಜೆ ವಾಪಸ್.

ಜನ ಬರೋದು ಒಳ್ಳೇದೇ. ಆದರೆ ಬಂದವರ ದುಡ್ಡಿನಲ್ಲಿ ತಾಲೂಕಿಗೆ ಎಷ್ಟು ಸೇರುತ್ತೆ, ಅವರು ಹೋದ ಮೇಲೆ ನಮ್ಮ ತಲೆ ಮೇಲೆ ಏನು ಉಳಿಯುತ್ತೆ ಅನ್ನೋ ಲೆಕ್ಕ ಹಾಕಬೇಕಿದೆ.

ದುಡ್ಡು ಎಲ್ಲಿ ಹೋಗುತ್ತೆ?

ಇಂಥ ಒಂದು ಗುಂಪಿನ ಖರ್ಚನ್ನೇ ಬಿಡಿಸಿ ನೋಡಿ. ರೂಮು, ಊಟ, ಕ್ಯಾಂಪ್‌ಫೈರ್ ಎಲ್ಲಾ ಸೇರಿಸಿ ತಲೆಗಿಷ್ಟು ಅಂತ ಪ್ಯಾಕೇಜ್. ಬುಕಿಂಗ್ ಆ್ಯಪ್‌ನಲ್ಲಿ ಆದರೆ ಅದರಲ್ಲಿ ಕಮಿಷನ್ ಹೋಗುತ್ತೆ. ಕೇಕ್, ಬಲೂನು, ಅಲಂಕಾರದ ಸಾಮಾನು, ಚಿಪ್ಸು, ತಂಪು ಪಾನೀಯ ಬಹುಪಾಲು ಕಾರಿನ ಡಿಕ್ಕಿಯಲ್ಲೇ ಬಂದಿರುತ್ತೆ. ಪೇಟೆಯಲ್ಲಿ ಅವರು ನಿಲ್ಲೋದು ಪೆಟ್ರೋಲಿಗೆ, ನೀರಿನ ಬಾಟಲಿಗೆ, ಹೋಗುವಾಗ ಒಂದಿಷ್ಟು ಕಾಫಿಪುಡಿ, ಏಲಕ್ಕಿ, ಮೆಣಸಿಗೆ.

ಇದರಲ್ಲಿ ಬಂದವರ ತಪ್ಪಿಲ್ಲ. ಅವರು ಊರು ಮುಟ್ಟೋ ಹೊತ್ತಿಗೆ ನಮ್ಮ ಬೇಕರಿ ಬಾಗಿಲು ಹಾಕಿರುತ್ತೆ. ಮೊಟ್ಟೆ ಹಾಕದ ಕೇಕ್ ಸಿಗುತ್ತಾ, ತೋಟದವರೆಗೆ ತಂದು ಕೊಡ್ತಾರಾ ಅಂತ ಕೇಳೋಕೆ ಅವರ ಹತ್ತಿರ ಒಂದು ಫೋನ್ ನಂಬರೂ ಇರಲ್ಲ. ಸಿಗುತ್ತೋ ಇಲ್ಲವೋ ಅನ್ನೋ ಅನುಮಾನ ಇದ್ದಾಗ ಯಾರೇ ಆದರೂ ಹೊರಡುವ ಊರಲ್ಲೇ ಕೊಂಡುಕೊಳ್ತಾರೆ.

ಅಂಗಡಿಯವರು ಗಮನಿಸಬೇಕಾದ್ದು

ಹಾಗಂತ ಪಾರ್ಟಿ ಸಾಮಾನು ತಂದು ನೇತುಹಾಕಿದರೆ ಮುಗೀತು ಅಂದುಕೊಳ್ಳಬೇಡಿ. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಬಿಸಾಡುವ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಇದೆ. ಆ ಪಟ್ಟಿ ಓದಿದರೆ ಬರ್ತ್‌ಡೇ ಪಾರ್ಟಿಗೆಂದೇ ಮಾಡಿದ ಹಾಗಿದೆ: ಬಲೂನಿಗೆ ಹಾಕೋ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಸ್ವೀಟ್ ಬಾಕ್ಸ್ ಮೇಲಿನ ತೆಳು ಹಾಳೆ, 100 ಮೈಕ್ರಾನ್‌ಗಿಂತ ತೆಳುವಾದ ಬ್ಯಾನರ್. ಬಳಸಿದವರು ಭಾನುವಾರ ಹೊರಟುಹೋಗ್ತಾರೆ, ದಂಡ ಕಟ್ಟೋ ಸರದಿ ಮಾರಿದ ಅಂಗಡಿಯವರದ್ದು. ಅಡಿಕೆ ಹಾಳೆ ತಟ್ಟೆ ನಮ್ಮ ಮಲೆನಾಡಿನದ್ದೇ ವಸ್ತು. ಅದನ್ನೇ ಮುಂದೆ ಇಟ್ಟು ಮಾರಿದರೆ ಕಾನೂನಿನ ತಂಟೆಯೂ ಇಲ್ಲ, ತೋಟದಲ್ಲಿ ಬಿದ್ದರೂ ಗೊಬ್ಬರ ಆಗುತ್ತೆ.

ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಣ್ಣುಮಕ್ಕಳಿಗೂ ಇದು ಒಳ್ಳೆ ಅವಕಾಶ. ಆದರೆ ಸಣ್ಣ ಮಟ್ಟದಲ್ಲಿ ಮಾರಿದರೂ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಬೇಕು. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ರಾತ್ರಿ ಹನ್ನೆರಡರ ಸಮಸ್ಯೆ

ಹುಟ್ಟುಹಬ್ಬದ ಕೇಕ್ ಕತ್ತರಿಸೋದು ಈಗ ಮಧ್ಯರಾತ್ರಿ 12ಕ್ಕೆ. ಗಲಾಟೆ ಶುರುವಾಗೋದೇ ಅಲ್ಲಿಂದ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಪಕ್ಕದ ಲೈನ್ ಮನೆಯಲ್ಲಿ ಮಲಗಿರೋರು ಬೆಳಗ್ಗೆ ಎದ್ದು ಕಾಫಿ ಕುಯ್ಲಿಗೆ ಹೋಗಬೇಕು. ಅವರ ನಿದ್ದೆಗೆ ಯಾವ ಪ್ಯಾಕೇಜಿನಲ್ಲೂ ಬೆಲೆ ಕಟ್ಟಿಲ್ಲ.

ಅದಕ್ಕಿಂತ ದೊಡ್ಡ ಚಿಂತೆ ಆನೆ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟಿದ್ದು ನಮ್ಮ ತಾಲೂಕಿನಲ್ಲೇ, ಯಸಳೂರು ವಲಯದಲ್ಲಿ. ಪಳಗಿದ ಆನೆಗೇ ಆ ಗತಿ ಬಂದ ಜಾಗದಲ್ಲಿ, ದಾರಿ ಗೊತ್ತಿಲ್ಲದ ಹುಡುಗರು ಮಧ್ಯರಾತ್ರಿ ಮೊಬೈಲ್ ಟಾರ್ಚ್ ಹಿಡ್ಕೊಂಡು ತೋಟದ ರಸ್ತೆಯಲ್ಲಿ ಓಡಾಡ್ತಾರೆ, ಪಟಾಕಿ ಹೊಡೀತಾರೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಸಂದೇಶ ಬರೋದು ಊರಿನವರ ಮೊಬೈಲಿಗೆ. ಅದನ್ನು ಅತಿಥಿಗೆ ಹೇಳಬೇಕಾದವರು ಹೋಂಸ್ಟೇ ಮಾಲೀಕರೇ. ಬೇಸಿಗೆಯಲ್ಲಿ ತರಗೆಲೆ ಒಣಗಿ ನಿಂತಿರುವಾಗ ಕ್ಯಾಂಪ್‌ಫೈರ್ ಕಿಡಿ ಒಂದು ಹಾರಿದರೂ ಪಕ್ಕದವರ ತೋಟಕ್ಕೇ ಕುತ್ತು.

ಎಡಕುಮೇರಿ ರೈಲು ಹಳಿ ಮೇಲೆ ನಡೆಯೋ ಹುಚ್ಚೂ ಇನ್ನೂ ಬಿಟ್ಟಿಲ್ಲ. ರೈಲ್ವೆ ಕಾಯ್ದೆ ಪ್ರಕಾರ ಅದು ಅತಿಕ್ರಮ ಪ್ರವೇಶ, ಆರು ತಿಂಗಳವರೆಗೆ ಜೈಲು ಆಗಬಹುದು. ಇನ್ನು ಬಿಳಿ ಬೋರ್ಡ್ ಜೀಪಿನಲ್ಲಿ ಬಾಡಿಗೆಗೆ ಗುಡ್ಡ ಹತ್ತಿಸೋರು ಒಂದು ವಿಷಯ ನೆನಪಿಡಬೇಕು. ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು, ಜೀಪಿನ ಮಾಲೀಕರ ಮನೆ ಮಠ ಹೋಗುತ್ತೆ.

ಏನು ಮಾಡಬಹುದು?

ದೊಡ್ಡ ಯೋಜನೆ, ಅನುದಾನ ಏನೂ ಬೇಕಿಲ್ಲ. ಹೋಂಸ್ಟೇಯವರು ಬುಕಿಂಗ್ ಖಚಿತಪಡಿಸುವ ವಾಟ್ಸಾಪ್ ಸಂದೇಶದಲ್ಲೇ ಪೇಟೆಯ ಬೇಕರಿ, ಕೋಳಿ ಅಂಗಡಿ, ಹಳದಿ ಬೋರ್ಡ್ ಜೀಪಿನವರ ನಂಬರ್ ಕಳಿಸಲಿ. ಹಿಂದಿನ ದಿನ ಹೇಳಿದರೆ ಕೇಕ್ ತೋಟಕ್ಕೇ ಬರುತ್ತೆ ಅಂತ ಗೊತ್ತಾದರೆ ಬೆಂಗಳೂರಿಂದ ಯಾರೂ ಹೊತ್ತು ತರಲ್ಲ. ಊಟಕ್ಕೆ ಎಲ್ಲೆಡೆ ಸಿಗೋ ಗೋಬಿ ಮಂಚೂರಿಗಿಂತ ಅಕ್ಕಿ ರೊಟ್ಟಿ, ಕಡುಬು, ನಾಟಿ ಕೋಳಿ ಸಾರು ಇಟ್ಟರೆ ಅಕ್ಕಿ, ಕೋಳಿ, ಮಸಾಲೆ ಎಲ್ಲಾ ಊರಲ್ಲೇ ಕೊಂಡ ಹಾಗಾಗುತ್ತೆ. ಸಂದೇಶದ ಕೊನೆಗೆ ಮೂರು ಸಾಲು: ರಾತ್ರಿ 10ರ ನಂತರ ಸೌಂಡ್ ಇಲ್ಲ, ಕತ್ತಲಾದ ಮೇಲೆ ಗೇಟಿನ ಹೊರಗೆ ಹೋಗುವಂತಿಲ್ಲ, ತಂದ ಪ್ಲಾಸ್ಟಿಕ್ ವಾಪಸ್ ತಗೊಂಡು ಹೋಗಿ. ಉಳಿದ ಕಸಕ್ಕೆ ಪಂಚಾಯಿತಿಯ ಕಸದ ಗಾಡಿ ಸೋಮವಾರ ಬೆಳಗ್ಗೆ ತೋಟದ ಗೇಟಿನವರೆಗೆ ಬರುವಂತೆ ಹೋಂಸ್ಟೇಯವರೇ ಶುಲ್ಕ ಕೊಟ್ಟು ಮಾತಾಡಿಕೊಳ್ಳಬಹುದು.

ಮಳೆಗಾಲದ ನೆನಪೂ ಇರಲಿ. 2024ರ ಜುಲೈನಲ್ಲಿ ದೋಣಿಗಾಲ್ ಹತ್ತಿರ ಹೆದ್ದಾರಿ, ಕಡಗರವಳ್ಳಿ–ಎಡಕುಮೇರಿ ನಡುವೆ ರೈಲು ದಾರಿ ಎರಡೂ ಭೂಕುಸಿತಕ್ಕೆ ಸಿಕ್ಕಿದ್ದವು. ಹಾಗೆ ದಾರಿ ಕೈಕೊಟ್ಟ ವಾರ ಪ್ರವಾಸಿಗರನ್ನೇ ನಂಬಿದ ವ್ಯಾಪಾರ ಮಕಾಡೆ ಮಲಗುತ್ತೆ. ಅದಕ್ಕೇ ಊರಿನ ಗಿರಾಕಿಯನ್ನು ಕಡೆಗಣಿಸಿ ಬರೀ ವಾರಾಂತ್ಯಕ್ಕೆ ಅಂಗಡಿ ಹಾಕೋದು ಬುದ್ಧಿವಂತಿಕೆ ಅಲ್ಲ.

ನಾವೇ ಶಿಸ್ತು ತರದಿದ್ದರೆ ಸರ್ಕಾರ ತರುತ್ತೆ. ಪಕ್ಕದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಭಾಗಕ್ಕೆ ಹೋಗೋ ವಾಹನಗಳಿಗೆ 2025ರಲ್ಲಿ ಆನ್‌ಲೈನ್ ಮುಂಗಡ ನೋಂದಣಿ ಬಂತು. ಅಂಥ ಆದೇಶ ನಮ್ಮಲ್ಲಿಗೂ ಬಂದರೆ ಪಾರ್ಟಿಗೆ ಬರೋರು ಬೇರೆ ಊರು ಹುಡುಕ್ತಾರೆ. ಹೊಡೆತ ತಿನ್ನೋದು ಸಾಲ ಮಾಡಿ ಹೋಂಸ್ಟೇ ಕಟ್ಟಿದವರು, ಅವರನ್ನು ನಂಬಿದ ಅಂಗಡಿಯವರು. ವರ್ತಕರು ಮತ್ತು ಹೋಂಸ್ಟೇ ಮಾಲೀಕರು ಮುಂದಿನ ಸೀಸನ್‌ಗೆ ಮೊದಲೇ ಒಂದು ಸಂಜೆ ಒಟ್ಟಿಗೆ ಕೂತು ಮಾತಾಡೋದು ಒಳ್ಳೇದು.