ಮದ್ದು ಅಗ್ಗ, ಪರೀಕ್ಷೆ ತುಟ್ಟಿ: ಇದು ಯಾರ ಲೆಕ್ಕ?

ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ಬಿಕ್ಕೋಡು ಹೋಬಳಿಯ ತೋಟದ ಕೂಲಿಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯಾಯಿತು. ಮಗು ಹಾಲು ಕುಡಿಯಲಿಲ್ಲ, ಮೈ ತಣ್ಣಗಿತ್ತು. ನಂಜಿರಬಹುದೆಂದು ವೈದ್ಯರು ಸೂಜಿಮದ್ದು ಆರಂಭಿಸಿದರು. ಅವರು ಮಾಡಿದ್ದು ಸರಿ. ಹಸುಗೂಸಿನ ನಂಜು ಗಂಟೆಗಳಲ್ಲಿ ಜೀವ ತೆಗೆಯುತ್ತದೆ. ಮೂರನೆಯ ದಿನ ಮಗು ಚೆನ್ನಾಗಿ ಹಾಲು ಕುಡಿಯಿತು. ಆದರೂ ಮದ್ದು ನಿಲ್ಲಲಿಲ್ಲ. ನಿಲ್ಲಿಸಬಹುದೇ ಎಂದು ತಿಳಿಯಲು ರಕ್ತಪರೀಕ್ಷೆ ಬೇಕು, ಅದು ಇಲ್ಲಿಲ್ಲ, ಹೊರಗೆ ಮಾಡಿಸಿ ಎಂದು ಚೀಟಿ ಕೊಟ್ಟರು. ಗಂಡನ ಕೈಯಲ್ಲಿ ಕಾಸಿರಲಿಲ್ಲ. ಏಳು ದಿನ ಸೂಜಿ ಚುಚ್ಚಿದರು. ಏಳು ದಿನವೂ ಆತ ಆಸ್ಪತ್ರೆಯ ಮೊಗಸಾಲೆಯಲ್ಲಿ ಮಲಗಿದ. ಕೊಯ್ಲಿನ ಕೂಲಿ ಹೋಯಿತು.

ಆ ಪರೀಕ್ಷೆ ಏನೆಂಬುದನ್ನು ಓದುಗರು ತಿಳಿಯಬೇಕು. ಮೈಗೆ ನಂಜೇರಿದಾಗ ರಕ್ತದಲ್ಲಿ ಕೆಲವು ವಸ್ತುಗಳು ಹೆಚ್ಚುತ್ತವೆ. ಸಿ.ಆರ್.ಪಿ. ಎಂಬುದನ್ನು 1930ರಲ್ಲೇ ಕಂಡುಹಿಡಿದರು, ಪ್ರೊಕ್ಯಾಲ್ಸಿಟೋನಿನ್ ಈಚಿನದು. ಹುಟ್ಟಿದ ಮೊದಲೆರಡು ದಿನ ಆರೋಗ್ಯವಂತ ಕೂಸಿನಲ್ಲೂ ಇದು ತಾನಾಗಿ ಏರಿ ಇಳಿಯುವುದರಿಂದ ಒಮ್ಮೆ ನೋಡಿ ತೀರ್ಮಾನಿಸಲಾಗದು. ಮತ್ತೆ ನೋಡಬೇಕು, ಅಂದರೆ ಮತ್ತೆ ಖರ್ಚು.

ಇಲ್ಲಿಯೇ ಲೆಕ್ಕಿಗ ಮಹನೀಯರು ತಲೆ ಎತ್ತುತ್ತಾರೆ. ಆಂಪಿಸಿಲಿನ್, ಜೆಂಟಮೈಸಿನ್ ಅಗ್ಗ. ಅಗ್ಗದ್ದನ್ನು ಉಳಿಸಲು ತುಟ್ಟಿಯದನ್ನು ಕೊಳ್ಳುವುದು ಯಾವ ಜಾಣತನ ಎನ್ನುತ್ತಾರೆ. ಮದ್ದಿನ ಸೀಸೆ, ಪರೀಕ್ಷೆಯ ಕಿಟ್ಟು ಎರಡನ್ನೇ ತಕ್ಕಡಿಗೆ ಹಾಕಿದರೆ ಅವರ ಮಾತು ನಿಜವಿದ್ದೀತು. ಆದರೆ ಹಾಸಿಗೆ ಎಲ್ಲಿ? ದಾದಿಯ ದುಡಿಮೆ ಎಲ್ಲಿ? ತೋಟದ ಕೂಲಿ ಎಲ್ಲಿ? ಹಿಂದೆ ಶಾಲೆಯಲ್ಲಿ ಲಾಭನಷ್ಟದ ಲೆಕ್ಕ ಕಲಿಸಿದವರು ನಾವು. ಖರ್ಚಿನ ಒಂದು ಬಾಬ್ತು ಬಿಟ್ಟು ಮೊತ್ತ ಕೂಡಿಸಿದ ಹುಡುಗನಿಗೆ ಸೊನ್ನೆ ಹಾಕುತ್ತಿದ್ದೆವು.

ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ಕೆನಡಾ, ಚೆಕ್ ದೇಶಗಳ 18 ಆಸ್ಪತ್ರೆಗಳಲ್ಲಿ 1,710 ಕೂಸುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಪ್ರೊಕ್ಯಾಲ್ಸಿಟೋನಿನ್ ನೋಡಿ ಮದ್ದು ನಿಲ್ಲಿಸಿದಲ್ಲಿ ಚಿಕಿತ್ಸೆ 65 ಗಂಟೆಯಿಂದ 55 ಗಂಟೆಗೆ ಇಳಿಯಿತು. ನಂಜು ಮರುಕಳಿಸಿದ ಕೂಸುಗಳು ತೀರ ಕಡಿಮೆ ಇದ್ದುದರಿಂದ ಇದು ಪೂರ್ಣ ನಿರಪಾಯವೆಂದು ಸಾಬೀತಾಗಲಿಲ್ಲ. ಅದನ್ನು ನಾವು ಮುಚ್ಚಿಡುವುದಿಲ್ಲ. ವೈದ್ಯರ ಕಣ್ಣಿಗೆ ಪರೀಕ್ಷೆ ಬದಲಾಗದು. ಆದರೆ ಹತ್ತು ಗಂಟೆ ಏನು ಮಹಾ ಎನ್ನುವವರು ಹಸುಗೂಸನ್ನೆತ್ತಿಕೊಂಡು ಹಾಸನದಲ್ಲಿ ಕಡೆಯ ಬಸ್ಸು ತಪ್ಪಿಸಿಕೊಂಡು ನೋಡಲಿ!

ಇನ್ನೊಂದು ಬಾಬ್ತೂ ಇದೆ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಹಸುಗೂಸುಗಳ ನಂಜನ್ನು ಪರೀಕ್ಷಿಸಿದರು. ಅಸಿನೆಟೊಬ್ಯಾಕ್ಟರ್ ಎಂಬ ರೋಗಾಣುವಿನಲ್ಲಿ ನೂರಕ್ಕೆ 82ರಷ್ಟು ಹಲವು ಮದ್ದುಗಳಿಗೆ ಜಗ್ಗದವಾಗಿದ್ದವು. ಬೇಡದ ಕಡೆಯೆಲ್ಲ ಚುಚ್ಚಿ ಅಗ್ಗದ ಮದ್ದನ್ನು ಮೊಂಡು ಮಾಡಿದರೆ, ಮುಂದೆ ಬೇಕಾಗುವುದು ತುಟ್ಟಿಯ ಮದ್ದು. ಅದನ್ನು ಕೊಳ್ಳುವವರು ಯಾರು?

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರ ಜೂನ್ 1ರಂದು ಆರಂಭವಾದಾಗಲೇ, ಹುಟ್ಟಿ 30 ದಿನಗಳವರೆಗೆ ಕಾಯಿಲೆಯ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ವಾಹನ ಎಲ್ಲವೂ ಉಚಿತವೆಂದು ಸರ್ಕಾರ ಮಾತು ಕೊಟ್ಟಿತು. ಪರೀಕ್ಷೆ ಎಂಬ ಪದ ಅದರಲ್ಲಿದೆ, ಸ್ವಾಮಿ! ಕೂಸು ಮಲಗಿದ ಆಸ್ಪತ್ರೆಯಲ್ಲೇ, ಅದೇ ದಿನ, ಬಿಡಿಗಾಸಿಲ್ಲದೆ ಪರೀಕ್ಷೆಯಾಗಬೇಕು. ಯಂತ್ರ ಕೊಂಡು ಕಿಟ್ಟು ತರಿಸದೆ ಮುಸುಕು ಹಾಕಿಟ್ಟರೆ ನಾವು ಒಪ್ಪುವುದಿಲ್ಲ. ಹೊರಗೆ ಹಣ ತೆತ್ತವರಿಗೆ ಅದನ್ನು ಮರಳಿಸಬೇಕು.

ಹಸುಗೂಸಿನ ಪರೀಕ್ಷೆಗೆಂದು ಹೊರಗೆ ಬರೆದುಕೊಟ್ಟ ಚೀಟಿ, ರಸೀದಿ ಇದ್ದವರು ಬಿಕ್ಕೋಡು ಬಸ್ ನಿಲ್ದಾಣದ ಬಳಿ ನಮ್ಮ ಕಾರ್ಯಕರ್ತರಿಗೆ ತಂದುಕೊಡಿ. ಹೋದ ಕೂಲಿಯ ದಿನಗಳನ್ನೂ ಬರೆಸಿ.