ಮಗು ಲಾಗ ಹಾಕುವಾಗ ಅಪ್ಪ-ಅಮ್ಮ ಎಲ್ಲಿರಬೇಕು?

ಸಂಜೆ ಐದಾಯಿತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಮಕ್ಕಳನ್ನು ಕ್ಲಾಸಿಗೆ ಬಿಡುವ ಓಡಾಟ ಶುರು. ಈಜು, ಭರತನಾಟ್ಯ, ಕರಾಟೆಗಳ ಸಾಲಿಗೆ ಈಗ ಜಿಮ್ನಾಸ್ಟಿಕ್ಸ್ ಕೂಡ ಸೇರಿದೆ. ಕೆಲವು ಕಡೆ ಹೆತ್ತವರು ಮ್ಯಾಟ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೆಲವು ಕಡೆ ಗೇಟಿನಲ್ಲೇ ಮಗುವನ್ನು ಒಪ್ಪಿಸಿ ಹಿಂದಿರುಗಬೇಕು. ಕ್ಲಾಸ್ ನಡೆಯುವಷ್ಟು ಹೊತ್ತೂ ಅಪ್ಪ-ಅಮ್ಮ ಒಳಗೇ ಇದ್ದು ನೋಡಬೇಕೆ? ಬೇಕೇ ಬೇಕು ಎನ್ನುತ್ತಾರೆ ಒಂಬತ್ತು ವರ್ಷದ ಹುಡುಗಿಯ ತಾಯಿ. ಬೇಡ ಎನ್ನುವವರು ಮಲ್ಲಗಂಬದಿಂದ ಜಿಮ್ನಾಸ್ಟಿಕ್ಸ್‌ಗೆ ಬಂದ ಕೋಚ್ ಒಬ್ಬರು. ತಾಯಿಯ ಬರಹವನ್ನು ಓದಿದ ಮೇಲೆ ಅವರು ತಮ್ಮದನ್ನು ಬರೆದಿದ್ದಾರೆ.

ಪರ
ಆ ಕುರ್ಚಿ ಬಿಟ್ಟು ನಾನು ಏಳುವುದಿಲ್ಲ

ನನ್ನ ಮಗಳ ನೀರಿನ ಬಾಟಲಿ ಹೋದ ಹಾಗೇ ತುಂಬಿಕೊಂಡು ವಾಪಸ್ ಬರುತ್ತಿತ್ತು. ವಾರಕ್ಕೆ ಮೂರು ಸಂಜೆ, ಎರಡೆರಡು ಗಂಟೆ ಕ್ಲಾಸ್. ಮುಖ ಕೆಂಪಗಾಗಿ, ಕೂದಲೆಲ್ಲ ಬೆವರಿಗೆ ಅಂಟಿಕೊಂಡು ಮನೆಗೆ ಬರುತ್ತಿದ್ದಳು. ಬಾಟಲಿಯಲ್ಲಿ ಮಾತ್ರ ಒಂದು ಗುಟುಕೂ ಇಳಿದಿರುತ್ತಿರಲಿಲ್ಲ. ಅಡುಗೆಮನೆಯ ಸಿಂಕಿಗೆ ಆ ನೀರು ಚೆಲ್ಲುವಾಗಲೆಲ್ಲ ನನಗೆ ಕಸಿವಿಸಿ. ಕೇಳಿದರೆ “ಮರ್ತೋಯ್ತು ಅಮ್ಮ” ಅನ್ನುತ್ತಿದ್ದಳು. ಎರಡು ತಿಂಗಳು ಹೀಗೇ ಕಳೆಯಿತು. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಬಾಯಿಬಿಟ್ಟಳು. ನಡುವೆ ಟಾಯ್ಲೆಟ್‌ಗೆ ಹೋಗುತ್ತೇನೆ ಅಂದರೆ ಸರ್ ಎಲ್ಲರೆದುರು ಬೈಯುತ್ತಾರೆ, ಅದಕ್ಕೇ ಕ್ಲಾಸಿರುವ ದಿನ ಮಧ್ಯಾಹ್ನದಿಂದಲೇ ನೀರು ಮುಟ್ಟುತ್ತಿರಲಿಲ್ಲವಂತೆ.

ಆ ಕ್ಲಾಸಿನ ಬಾಗಿಲ ಮೇಲೆ “ಪೋಷಕರಿಗೆ ಪ್ರವೇಶವಿಲ್ಲ” ಎಂಬ ಬೋರ್ಡು ಇತ್ತು. ಶಿಸ್ತಿನ ಜಾಗ ಅಂದುಕೊಂಡು ನಾನೂ ಗೌರವ ಕೊಟ್ಟಿದ್ದೆ. ನನ್ನ ಮಗಳು ಬಾಯಾರಿಕೊಂಡು ಗೋಡೆಯ ಆಚೆ ಇದ್ದ ಅಷ್ಟೂ ಸಂಜೆ, ಈಚೆ ಸ್ಕೂಟಿ ಮೇಲೆ ಕೂತು ಆಫೀಸಿನ ಮೆಸೇಜುಗಳಿಗೆ ಉತ್ತರ ಟೈಪಿಸುತ್ತಿದ್ದೆ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. ಬ್ರಿಟನ್ನಿನ ಜಿಮ್ನಾಸ್ಟಿಕ್ಸ್ ಬಗ್ಗೆ ಆನ್ ವೈಟ್ ಎಂಬ ವಕೀಲೆ ನಡೆಸಿದ ವಿಚಾರಣೆಯ ವರದಿ 2022ರಲ್ಲಿ ಬಂತು. 400ಕ್ಕೂ ಹೆಚ್ಚು ಹೇಳಿಕೆಗಳು ಅವರ ಮುಂದೆ ಬಂದಿದ್ದವು. ಊಟ-ನೀರು ಕೊಡದಿರುವುದು, ಟಾಯ್ಲೆಟ್‌ಗೆ ಬಿಡದಿರುವುದು, ಮಗು ಅತ್ತರೂ ಬಿಡದೆ ಕಾಲು ಹಿಗ್ಗಿಸುವುದು, ತೂಕದ ಬಗ್ಗೆ ಹಂಗಿಸುವುದು, ಎಲ್ಲವೂ ಅದರಲ್ಲಿವೆ. ಓದುತ್ತ ಓದುತ್ತ ನನಗೆ ನಮ್ಮ ಸಿಂಕೇ ಕಣ್ಣಿಗೆ ಕಟ್ಟುತ್ತಿತ್ತು. ಅಮೆರಿಕದ್ದು ಇನ್ನೂ ಘೋರ. ಅಲ್ಲಿನ ರಾಷ್ಟ್ರೀಯ ತಂಡದ ಹುಡುಗಿಯರ ಶಿಬಿರ ವರ್ಷಗಟ್ಟಲೆ ನಡೆದದ್ದು ಟೆಕ್ಸಾಸಿನ ಕಾಡಿನ ನಡುವಿನ ಕರೋಲಿ ರಾಂಚ್‌ನಲ್ಲಿ. ಅಪ್ಪ-ಅಮ್ಮಂದಿರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ತಂಡದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ಹುಡುಗಿಯರನ್ನು ಲೈಂಗಿಕವಾಗಿ ಹಿಂಸಿಸಿದ ಜಾಗಗಳಲ್ಲಿ ಅದೂ ಒಂದು.

ಜಿಮ್ನಾಸ್ಟಿಕ್ಸ್‌ನಲ್ಲಿ ಮುಟ್ಟದೆ ಕಲಿಸಲಾಗದು, ಅದನ್ನು ಒಪ್ಪುತ್ತೇನೆ. ಮಗು ಹಿಂದಕ್ಕೆ ಬಾಗುವಾಗ ಕೋಚ್ ಸೊಂಟಕ್ಕೆ ಕೈ ಕೊಡಬೇಕು, ಲಾಗ ಹಾಕುವಾಗ ತೊಡೆ ಹಿಡಿದು ತಿರುಗಿಸಬೇಕು. ಆರು ವರ್ಷದ ಮಗುವಿಗೆ ಯಾವ ಕೈ ಆಸರೆಯದು, ಯಾವುದು ಅಲ್ಲ ಅನ್ನುವುದು ಹೇಗೆ ಗೊತ್ತಾಗಬೇಕು? ಕಾಲು ನೋಯುತ್ತಿರುವುದು ಕಲಿಕೆಯ ನೋವೋ ಗಾಯದ ನೋವೋ ಎಂದು ಹೇಗೆ ಹೇಳಬೇಕು? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ ಪೋಕ್ಸೊ ಕಾಯ್ದೆ 2012ರಿಂದಲೂ ಇದೆ. ಅದು ಅನಾಹುತವಾದ ಮೇಲೆ ಶಿಕ್ಷೆ ಕೊಡಿಸುತ್ತದೆ. ಮೂಲೆಯಲ್ಲಿ ಕೂತ ಒಬ್ಬ ಅಮ್ಮ ಆಗದಂತೆ ತಡೆಯಬಹುದು.

ಕ್ಲಾಸ್ ಬದಲಿಸಿದ ಮೇಲೆ ಕಾವಲಿಗೆಂದೇ ಒಳಗೆ ಕೂತವಳು ನಾನು. ಆದರೆ ಕೂತಿದ್ದರಿಂದ ಕಲಿತದ್ದೂ ಉಂಟು. ಬೀಮ್ ಅಂದರೆ ಮಕ್ಕಳು ಮೇಲೆ ನಡೆಯುವ ಉದ್ದನೆಯ ತೊಲೆ, 10 ಸೆಂಟಿಮೀಟರ್ ಅಗಲ, ಸುಮಾರು ನನ್ನ ಅಂಗೈಯಷ್ಟು. ಅದರ ಮೇಲೆ ನನ್ನ ಮಗಳು ಒಂದು ಹೆಜ್ಜೆ ಇಟ್ಟು, ತಡೆದು, ಕಾಲ್ಬೆರಳು ಬಿಗಿಹಿಡಿದು, ಇಳಿದು, ಮತ್ತೆ ಹತ್ತುವುದನ್ನು ಒಂದೇ ಸಂಜೆ ನಲವತ್ತು ಸಲ ನೋಡಿದ್ದೇನೆ. ಅಲ್ಲಿಯವರೆಗೆ ಮನೆಗೆ ನೆಂಟರು ಬಂದರೆ ಸಾಕು, “ಮಾಮಂಗೆ ಒಂದ್ಸಲ ಲಾಗ ಹಾಕಿ ತೋರ್ಸು ಪುಟ್ಟಾ” ಅನ್ನುತ್ತಿದ್ದೆ, ಅದೂ ಗ್ರಾನೈಟ್ ನೆಲದ ಮೇಲೆ. ದಪ್ಪ ಮ್ಯಾಟ್ ಯಾಕೆ ಬೇಕು, ಕೋಚ್ ಕೈ ಎಲ್ಲಿರಬೇಕು ಎಂದು ಕಣ್ಣಾರೆ ಕಂಡ ಮೇಲೆ ಆ ಮಾತು ನನ್ನ ಬಾಯಿಂದ ಬಂದಿಲ್ಲ.

ಈಗಿನ ಕ್ಲಾಸಿನಲ್ಲಿ ಕಿಟಕಿಯ ಪಕ್ಕ ನನಗೊಂದು ಕುರ್ಚಿ ಇದೆ. ಫೋನ್ ಬ್ಯಾಗಿನಲ್ಲಿ, ಬಾಯಿಗೆ ಬೀಗ. ಕೋಚ್‌ಗೆ ಸಲಹೆ ಕೊಡಲು ನಾನು ಅಲ್ಲಿ ಕೂತಿಲ್ಲ. ನಾನು ಅಲ್ಲಿದ್ದೇನೆ ಎಂದು ಅವರಿಗೂ ಗೊತ್ತಿರಬೇಕು, ನನ್ನ ಮಗಳಿಗೂ ಗೊತ್ತಿರಬೇಕು, ಅಷ್ಟೇ.

ವಿರೋಧ
ಕಣ್ಣು ಬೀಮಿನ ತುದಿಯಲ್ಲಿರಲಿ

ಆ ತಾಯಿ ಮತ್ತು ಮಗಳಿಗೆ ಆದದ್ದು ಯಾರಿಗೂ ಆಗಬಾರದು. ಮಗುವನ್ನು ಟಾಯ್ಲೆಟ್‌ಗೆ ಬಿಡದವನಿಗೆ ಕಲಿಸುವ ಹಕ್ಕಿಲ್ಲ. ಬೀಗ ಹಾಕಿದ ಬಾಗಿಲನ್ನು ನಾನು ಸಮರ್ಥಿಸುತ್ತಿಲ್ಲ. ನನ್ನ ತಕರಾರು ಇರುವುದು ಆ ಕುರ್ಚಿಯ ಬಗ್ಗೆ.

ಎಂಟು ವರ್ಷದ ಹುಡುಗಿಯೊಬ್ಬಳು ನನ್ನ ಹತ್ತಿರ ನೆಲಕ್ಕೆ ಹತ್ತಿರವಿರುವ ಬೀಮ್ ಮೇಲೆ ಕೈಯೂರಿ ಚಕ್ರದಂತೆ ಹೊರಳುವ ಕಾರ್ಟ್‌ವೀಲ್ ಕಲಿಯುತ್ತಿದ್ದಳು. ಕೈ ಸರಿ, ಕಾಲು ಸರಿ, ಆದರೂ ಪ್ರತಿ ಸಲ ಬೀಳುತ್ತಿದ್ದಳು. ವಾರಗಟ್ಟಲೆ ನೋಡಿದ ಮೇಲೆ ನನಗೆ ಹೊಳೆಯಿತು: ಪಾದ ಬೀಮಿಗೆ ತಾಗಿದ ಕ್ಷಣ ಅವಳ ಕತ್ತು ಎಡಕ್ಕೆ ಹೊರಳುತ್ತಿತ್ತು. ಎಡಗಡೆ ಅವಳ ಅಪ್ಪ ಕೂತಿದ್ದರು. ಮರುದಿನ “ಸರ್, ಸ್ವಲ್ಪ ಈ ಕಡೆ ಕೂತ್ಕೊಳ್ತೀರಾ?” ಎಂದು ಅವರ ಕುರ್ಚಿಯನ್ನು ಬಲಕ್ಕೆ ಹಾಕಿಸಿದೆ. ಕತ್ತು ಬಲಕ್ಕೆ ಹೊರಳಿತು. ಬೀಮ್ ಮೇಲೆ ಕಣ್ಣು ಬೀಮಿನ ತುದಿಯಲ್ಲಿ ನೆಟ್ಟಿರಬೇಕು, ತಲೆ ತಿರುಗಿದರೆ ಭುಜ ತಿರುಗುತ್ತದೆ, ಭುಜದ ಹಿಂದೆ ಸೊಂಟ. ಆ ಅಪ್ಪ ಒಳ್ಳೆಯವರು, ಒಂದು ಮಾತೂ ಆಡಿದವರಲ್ಲ. ಅವರು ಅಲ್ಲಿ ಇದ್ದದ್ದೇ ಸಾಕಾಗಿತ್ತು. ಅವರು ಕ್ಲಾಸ್ ಹೊತ್ತಿನಲ್ಲಿ ಹೊರಗೆ ಕಾಯತೊಡಗಿದ ಮೂರನೆಯ ವಾರ ಅವಳು ನಿಂತಳು.

ಮಾತಾಡುವವರ ಕಥೆ ಬೇರೆ. “ಮೊಣಕಾಲು ನೇರ! ನೇರ!” ಎಂದು ಲಾಗದ ನಡುವೆ ಕೂಗಿದರೆ ಗಾಳಿಯಲ್ಲಿರುವ ಮಗು ಯಾರ ಮಾತು ಕೇಳಬೇಕು? 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಎಂಬ ಅರಿವೇ ತಪ್ಪಿ ತಂಡದ ಫೈನಲ್‌ನಿಂದ ಹಿಂದೆ ಸರಿದರು. ಜಗತ್ತಿನ ಅತಿ ಗಟ್ಟಿಗಿತ್ತಿಗೇ ಹಾಗಾದರೆ ನಮ್ಮ ಮಕ್ಕಳ ಪಾಡೇನು? ಇನ್ನು ಅಕ್ಕಪಕ್ಕ ಕುರ್ಚಿ ಹಾಕಿಕೊಂಡರೆ ಹೋಲಿಕೆ ತಾನಾಗಿ ಬರುತ್ತದೆ, ನಿಧಾನದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಅಗರ್ತಲಾದ ದೀಪಾ ಕರ್ಮಾಕರ್ ಅವರದು ಸಪಾಟು ಪಾದ. ಕೋಚ್ ಬಿಶ್ವೇಶ್ವರ ನಂದಿ ಅದನ್ನು ತಿದ್ದಲು ಬಹಳ ಕಾಲ ವ್ಯಾಯಾಮ ಮಾಡಿಸಬೇಕಾಯಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದೀಪಾ ವಾಲ್ಟ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು, ಕಂಚು ತಪ್ಪಿದ್ದು 0.150 ಅಂಕದಲ್ಲಿ. ಪಾದದ ವ್ಯಾಯಾಮ ದಿನಾ ನೋಡುವವರಿಗೆ ಏನೂ ಆಗುತ್ತಿಲ್ಲ ಎಂದೇ ಕಾಣುತ್ತದೆ. “ಎರಡು ತಿಂಗಳಿಂದ ಬರೀ ಕಾಲ್ಬೆರಳು ಮಡಚಿಸ್ತಾ ಇದ್ದೀರಲ್ಲ ಸರ್” ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ.

ಕಾವಲಿನ ಮಾತಿಗೆ ಬರುತ್ತೇನೆ, ಏಕೆಂದರೆ ಅದೇ ಭಾರವಾದದ್ದು. 2018ರ ಜನವರಿಯಲ್ಲಿ ಮಿಷಿಗನ್‌ನ ಕೋರ್ಟು ನಾಸರ್‌ಗೆ 40ರಿಂದ 175 ವರ್ಷ ಶಿಕ್ಷೆ ವಿಧಿಸಿತು. ಅದಕ್ಕೂ ಮುನ್ನ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ತಮಗಾದದ್ದನ್ನು ಅಲ್ಲಿ ಹೇಳಿದರು. ಅವರಲ್ಲಿ ಹಲವರ ತಾಯಂದಿರು ಅದು ನಡೆದಾಗ ಅದೇ ಕೋಣೆಯಲ್ಲಿ ಕೂತಿದ್ದರು. ಅವನು ಅವರಿಗೆ ಕಾಣದ ಹಾಗೆ ಅಡ್ಡ ನಿಲ್ಲುತ್ತಿದ್ದ. ಹತ್ತಿರ ಕೂತ ಮಾತ್ರಕ್ಕೆ ಎಲ್ಲವೂ ಕಾಣುತ್ತದೆ ಎಂಬ ನಂಬಿಕೆ ಎಷ್ಟು ದುಬಾರಿಯಾಗಬಹುದು ನೋಡಿ. ನಮ್ಮಲ್ಲಿ ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರುತ್ತೇವೆ. ಕೈ ಕೊಡುವ ಮೊದಲು ಎಲ್ಲಿ ಹಿಡಿಯುತ್ತೇನೆ, ಯಾಕೆ ಎಂದು ಮಗುವಿಗೆ ಹೇಳುತ್ತೇನೆ. ಬೇಡ ಎಂದರೆ ಕೈ ತೆಗೆಯುತ್ತೇನೆ. ಬಾಗಿಲಿಗೆ ಚಿಲಕವಿಲ್ಲ. ಯಾವ ದಿನ, ಯಾವ ಹೊತ್ತಿಗೆ ಬೇಕಾದರೂ ಹೇಳದೆ ಕೇಳದೆ ಬಂದು ನೋಡಬಹುದು. ಪ್ರತಿ ಕ್ಲಾಸಿನಲ್ಲೂ ಎರಡು ಗಂಟೆ ಕೂರುವುದಕ್ಕಷ್ಟೇ ಬೇಡ ಅನ್ನುತ್ತೇನೆ.

ನಾನು ಗದಗ ಸೀಮೆಯವನು. ಹರಳೆಣ್ಣೆ ಸವರಿದ ಮಲ್ಲಗಂಬ ಹತ್ತಿ ಬೆಳೆದವನು. ನಾನು ಕಂಬದ ತುದಿಯಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ನಮ್ಮವ್ವ ಮೊದಲು ನೋಡಿದ್ದು ಊರ ಜಾತ್ರೆಯಲ್ಲಿ, ಅದೂ ಕಲಿಯಲು ಶುರುಮಾಡಿ ಮೂರು ವರ್ಷವಾದ ಮೇಲೆ. ಆದರೆ ದಿನಾ ರಾತ್ರಿ ರೊಟ್ಟಿ ತಟ್ಟಿ ಮುಗಿಸಿ ನನ್ನ ಅಂಗೈ ಬಿಡಿಸಿ ದೀಪದ ಬೆಳಕಿಗೆ ಹಿಡಿಯುತ್ತಿದ್ದಳು. ಹೊಸದಾಗಿ ಸುಲಿದಿದ್ದರೆ “ಇದು ಹ್ಯಾಂಗಾತು?” ಎಂದು ಕೇಳುವಳು. ಉತ್ತರ ಸರಿಬರುವ ತನಕ ಕೈ ಬಿಡುತ್ತಿರಲಿಲ್ಲ. ಗರಡಿಯಲ್ಲಿ ಏನು ನಡೆಯುತ್ತದೆ ಎಂಬುದು ಅವಳಿಗೆ ನನ್ನ ಅಂಗೈಯಿಂದಲೇ ತಿಳಿಯುತ್ತಿತ್ತು.

ನನಗೆ ಬೇಕಾದ ಅಪ್ಪ-ಅಮ್ಮ ಅಂಥವರು. ವಾರಕ್ಕೆ ಆರು ಗಂಟೆ ಮಗು ನನ್ನ ಹತ್ತಿರ, ಉಳಿದ ಹೊತ್ತೆಲ್ಲ ನಿಮ್ಮ ಹತ್ತಿರ. ಜೂನ್‌ನಲ್ಲಿ ಹೊಲಿಸಿದ ಪ್ಯಾಂಟು ಡಿಸೆಂಬರಿಗೇ ಗಿಡ್ಡವಾಯಿತೇ? ದಯವಿಟ್ಟು ನನಗೆ ಹೇಳಿ. ಮಕ್ಕಳು ಸರ್ರನೆ ಎತ್ತರವಾಗುವ ತಿಂಗಳುಗಳಲ್ಲಿ ಕೈಕಾಲಿನ ಅಳತೆ ಬದಲಾಗಿ ಬರುತ್ತಿದ್ದ ಲಾಗವೂ ತಪ್ಪುತ್ತದೆ. ಹಿಮ್ಮಡಿಯಲ್ಲಿ, ಮಣಿಕಟ್ಟಿನಲ್ಲಿ ಎಲುಬು ಬೆಳೆಯುವ ಜಾಗ ಇನ್ನೂ ಮೃದು, ಹಾರಿ ಇಳಿದ ಪೆಟ್ಟೆಲ್ಲ ಅಲ್ಲಿಗೇ. ಆಗ ನಾನು ಹಾರಾಟ ಕಡಿಮೆ ಮಾಡಿಸಬೇಕು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಮಗು ಕುಂಟಿದರೆ ಅದು ನಿಮಗೆ ಮಾತ್ರ ಕಾಣುವುದು. ಮನೆಗೆ ಹೋಗುವ ದಾರಿಯಲ್ಲಿ “ಇವತ್ತು ಏನು ಬಂತು?” ಎಂದು ಕೇಳುವ ಬದಲು “ಎಲ್ಲಾದರೂ ನೋಯ್ತಾ ಇದೆಯಾ, ಯಾರಾದರೂ ಏನಾದರೂ ಅಂದ್ರಾ?” ಎಂದು ಕೇಳಿ. ತೂಕದ ಮಾತು ಮಾತ್ರ ಎತ್ತಬೇಡಿ, ಹೊಗಳಿಕೆಗಾಗಿಯೂ ಬೇಡ.

ಆ ತಾಯಿಯ ಬರಹವನ್ನೇ ಮತ್ತೆ ನೋಡಿ. ಮಗಳು ನೀರು ಕುಡಿಯುತ್ತಿಲ್ಲ ಎಂದು ಅವರಿಗೆ ತಿಳಿದದ್ದು ಅಡುಗೆಮನೆಯ ಸಿಂಕಿನ ಮುಂದೆ, ಕಾರಣ ತಿಳಿದದ್ದು ಎಣ್ಣೆ ಹಚ್ಚುವಾಗ. ಮಗಳನ್ನು ಕಾಪಾಡಿದ ಆ ಎರಡು ಗಳಿಗೆಯಲ್ಲೂ ಅವರು ಮನೆಯಲ್ಲೇ ಇದ್ದರು.

ಅದನ್ನು ಓದಿದ ದಿನ ಸಂಜೆ ಕ್ಲಾಸ್ ಮುಗಿಯುವ ಹೊತ್ತಿಗೆ ನಮ್ಮ ಹಾಲ್‌ನ ಗೋಡೆಯುದ್ದಕ್ಕೂ ಇಟ್ಟಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಹದಿನಾಲ್ಕರಲ್ಲಿ ಐದು ಪೂರ್ತಿ ತುಂಬಿದ್ದವು. ನಾನು ಯಾರನ್ನೂ ಟಾಯ್ಲೆಟ್‌ಗೆ ಬೇಡ ಎಂದವನಲ್ಲ. ಆದರೆ ಹೋಗಿ ಎಂದು ಬಾಯಿಬಿಟ್ಟು ಹೇಳಿದವನೂ ಅಲ್ಲ. ಈಗ ಇಪ್ಪತ್ತು ನಿಮಿಷಕ್ಕೊಮ್ಮೆ ಶಿಳ್ಳೆ ಹಾಕುತ್ತೇನೆ. ಎಲ್ಲರೂ ಗೋಡೆಯ ಹತ್ತಿರ ಹೋಗಿ ನೀರು ಕುಡಿಯುತ್ತಾರೆ, ನಾನೂ ಕುಡಿಯುತ್ತೇನೆ.